ಕತೆ ನನ್ನದು, ಕುರ್ಚಿ ಅತ್ತೆಯದು

ಕತೆ ಬರೆಯುವುದೇನು ದೊಡ್ಡದಲ್ಲ, ಬರೆಯುವವರ ಮನೆಯಲ್ಲಿ ನಡೆಯುವುದೇ ದೊಡ್ಡ ಕತೆ ಎಂಬುದು ನನಗೆ ಬಲು ಬೇಗ ಗೊತ್ತಾಯಿತು. ಬೇರೆಯವರ ಮನೆಯಲ್ಲಿ ಹಾಲು ಉಕ್ಕಿದರೆ ಹಾಲು ಉಕ್ಕಿತು, ಅಷ್ಟೇ. ನಮ್ಮ ಮನೆಯಲ್ಲಿ ಉಕ್ಕಿದರೆ 'ಅಕ್ಕೋರು ಕತಿ ಬರ್ಯಾಕ ಕುಂತಿದ್ರಂತ' ಎಂದು ಇಡೀ ಓಣಿಗೆ ಸುದ್ದಿ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಇಳಕಲ್ಲಿನ ಒಂದು ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು ನಾನು. ನಮ್ಮವರು ಬಸ್ ಕಂಡಕ್ಟರ್. ಒಂದು ದಿನ ಹುನಗುಂದದ ಮೇಲೆ ಬಾಗಲಕೋಟೆ, ಇನ್ನೊಂದು ದಿನ ಬಾದಾಮಿ. ಮನೆಯಲ್ಲಿ ಅತ್ತೆ. ಪಕ್ಕದ ಮನೆಯ ನೇಕಾರರ ಮಗ್ಗಗಳಿಗೆ ಕುಳಿತಲ್ಲೇ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದರು. ಅವರಿಗೆ ಓದು ಬರಹ ಬಾರದು. ಆದರೆ ಕೇಳಿದ್ದನ್ನು ಮರೆಯುವುದೂ ಬಾರದು, ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳದೆ ಇರುವುದಂತೂ ಬಾರದೇ ಬಾರದು.

ನನಗೆ ಆಗ ಇದ್ದದ್ದು ಒಂದೇ ಹುಚ್ಚು. ನನ್ನ ಕತೆ ಅಚ್ಚಾಗಬೇಕು, ಅದರ ಮೇಲೆ ನನ್ನ ಹೆಸರು, ಹೆಸರಿನ ಮೇಲೆ ನನ್ನ ಮುಖ. ಇದನ್ನು ಬರೆದವಳು ಇವಳೇ ಎಂದು ನಾಲ್ಕು ಮಂದಿ ನಂಬಬೇಕು. ಕೇಳುವುದಕ್ಕೆ ಸಣ್ಣ ಆಸೆ. ಅದಕ್ಕೆ ಬಿದ್ದ ತೊಡಕುಗಳನ್ನು ಕೇಳಿ.

ಚಟ್ನಿಪುಡಿಯ ಪುಟ

ಕಥಾ ಸ್ಪರ್ಧೆ ಯಾವುದೇ ಇರಲಿ, ನಿಯಮಗಳಲ್ಲಿ ಒಂದು ತಪ್ಪುತ್ತಿರಲಿಲ್ಲ: ಹಾಳೆಯ ಒಂದೇ ಮಗ್ಗುಲಿಗೆ ಬರೆದಿರಬೇಕು. ಅತ್ತೆಗೆ ಇದು ಸುತಾರಾಂ ಸರಿಬರಲಿಲ್ಲ. ನಾನು ಬರೆದ ಹಾಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಹಿಂದೆ ಬೆಳ್ಳಗೆ ಖಾಲಿ ಇರುವುದನ್ನು ಕಂಡು ಅವರ ಜೀವ ಚುರುಕ್ ಎನ್ನುತ್ತಿತ್ತು.

"ಒಂದ ಮಗ್ಗಲಾ ಬರ್ದು ಕಳಸ್ರಿ ಅನ್ನೋರು, ರೊಟ್ಟಿನೂ ಒಂದ ಮಗ್ಗಲಾ ಬೇಯಿಸಿ ತಿಂತಾರೇನು?" ಎಂದು ಕೇಳಿದರು.

ಕಳಿಸಿದ ಕತೆಗಳೆಲ್ಲ ಹೋದ ಹಾಗೇ ತಿರುಗಿ ಬರುತ್ತಿದ್ದವು. ಬಂದವನ್ನು ನಾನು ಟ್ರಂಕಿನ ಮೇಲೆ ಪೇರಿಸಿಡುತ್ತಿದ್ದೆ. ಒಂದು ದಿನ ಸಾಲಿಯಿಂದ ಬಂದು ನೋಡುತ್ತೇನೆ, ಪೇರಿಕೆ ತೆಳ್ಳಗಾಗಿದೆ. ವಿಚಾರಿಸಿದರೆ, ಅತ್ತೆ ಮಗನ ಬುತ್ತಿಗೆ ದಿನವೂ ಒಂದೊಂದು ಹಾಳೆಯಲ್ಲಿ ಗುರೆಳ್ಳು ಚಟ್ನಿಪುಡಿ ಕಟ್ಟಿ ಕೊಡುತ್ತಿದ್ದರಂತೆ. ಪುಡಿ ಹಾಕುತ್ತಿದ್ದದ್ದು ಖಾಲಿ ಮಗ್ಗುಲಿಗೇ; ಕತೆಗೆ ಎಣ್ಣೆ ತಾಕಬಾರದೆಂಬ ಕಾಳಜಿ ಅವರಿಗಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಉಣ್ಣದೆ ಮಲಗುತ್ತೇನೆ ಎಂದು ಮುಖ ತಿರುವಿ ಕುಳಿತಿದ್ದೆ. ಅಷ್ಟರಲ್ಲಿ ನಮ್ಮವರು ಡ್ಯೂಟಿ ಮುಗಿಸಿ ಬಂದರು. ಚಪ್ಪಲಿ ಬಿಡುತ್ತಲೇ, ನಮ್ಮ ಡ್ರೈವರ್ ಕೇಳಾಕತ್ತಾನ, ಆ ಹುಡುಗಿ ಬಾವ್ಯಾಗ ಬಿದ್ಲೋ, ಇಲ್ಲಾ ಯಾರರ ಹಿಡಕೊಂಡ್ರೋ ಎಂದರು. ಬಾದಾಮಿ ಸ್ಟ್ಯಾಂಡಿನಲ್ಲಿ ಊಟಕ್ಕೆ ಕೂತಾಗ ಡ್ರೈವರು ಚಟ್ನಿಪುಡಿ ಮುಗಿಸಿ ಹಾಳೆ ತಿರುಗಿಸಿ ಓದುತ್ತಿದ್ದನಂತೆ. ಬಾವಿಯ ದಂಡೆಯ ಮೇಲೆ ಹುಡುಗಿ ನಿಂತಲ್ಲಿಗೆ ಹಾಳೆ ಮುಗಿದು, ಮರುದಿನದ ಪೊಟ್ಟಣದಲ್ಲಿ ಬೇರೆ ಕತೆಯ ಪುಟ ಬಂದು, ಅವನಿಗೆ ಎರಡು ದಿನದಿಂದ ನಿದ್ದೆ ಇಲ್ಲವಂತೆ.

ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮುಂದೇನಾಯಿತು ಎಂದು ಕೇಳುವ ಒಬ್ಬ ಮನುಷ್ಯ ಈ ಭೂಮಿಯ ಮೇಲೆ ಇದ್ದಾನಲ್ಲ! ಕುಣಿಯುವುದೊಂದು ಬಾಕಿ. ಮರುದಿನದಿಂದ ಪುಟ ತಪ್ಪದಂತೆ ನಾನೇ ಪೊಟ್ಟಣ ಕಟ್ಟತೊಡಗಿದೆ. ಹೀಗೆ ಮೂರು ಕತೆಗಳು ಬಾದಾಮಿ ಸ್ಟ್ಯಾಂಡಿನಲ್ಲಿ ಧಾರಾವಾಹಿಯಾಗಿ ಪ್ರಕಟವಾದವು. ಮೂರನೆಯದು ಮುಗಿದ ದಿನ ನನ್ನ ಬಾಳಿನ ಮೊದಲ ವಿಮರ್ಶೆ ಬಂತು. ಡ್ರೈವರು ನಮ್ಮವರ ಕೈಯಲ್ಲಿ ಹೇಳಿ ಕಳಿಸಿದ್ದ: "ಅಕ್ಕೋರಿಗೆ ಹೇಳ್ರಿ, ಈ ಕತಿ ಭಾಳ ಚಲೋ ಐತಿ. ಹಿಂದಿನ ಕತಿಗೆ ಬಳ್ಳೊಳ್ಳಿ ಜರಾ ಹೆಚ್ಚಾಗಿತ್ತು."

ಮಗ್ಗ ನಿಂತಿತು

ಪಕ್ಕದ ನೇಕಾರರ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಆಚೆ ಗಂಡನದೊಂದು, ಹೆಂಡತಿಯದೊಂದು, ಎರಡು ಕುಣಿಮಗ್ಗ ಮುಂಜಾನೆಯಿಂದ ರಾತ್ರಿಯವರೆಗೆ ಖಟ್ ಪಟ್ ಎನ್ನುತ್ತಿದ್ದವು. ಸಂಜೆ ಅತ್ತೆ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುವಾಗ ನಾನು ಹೊಸ ಕತೆ ಓದಿ ಹೇಳುವುದು ರೂಢಿಯಾಯಿತು. ಗೋಡೆ ತೆಳ್ಳಗಿತ್ತು, ನನ್ನ ದನಿಯೋ ಸಾಲಿಯಲ್ಲಿ ಪಳಗಿದ್ದು. ಆಚೆಯವರಿಗೂ ಎಲ್ಲ ಕೇಳಿಸುತ್ತಿತ್ತು.

ಕ್ರಮೇಣ ನನಗೊಂದು ಅಳತೆಗೋಲು ಸಿಕ್ಕಿತು. ಕತೆ ಸಪ್ಪೆಯಾಗಿದ್ದರೆ ಮಗ್ಗ ಒಂದೇ ಸಮ ನಡೆಯುತ್ತಿತ್ತು. ರುಚಿ ಹತ್ತಿದರೆ ಲಾಳಿ ನಿಧಾನವಾಗುತ್ತಿತ್ತು. ಪೂರಾ ನಿಂತಿತೆಂದರೆ ನೇಕಾರ ಕೈ ಕಟ್ಟಿ ಕೇಳುತ್ತಿದ್ದಾನೆ ಎಂದರ್ಥ. ಯಾವ ಸಂಪಾದಕರೂ ಇಷ್ಟು ಬೇಗ ಉತ್ತರ ಕೊಡುತ್ತಿರಲಿಲ್ಲ.

ಒಮ್ಮೆ ದೊಡ್ಡ ಊರಿನ ಪ್ರೇಮದ ಕತೆ ಬರೆದೆ. ಸಮುದ್ರ, ಬೆಳದಿಂಗಳು, ಪಿಯಾನೋ ಎಲ್ಲ ಇತ್ತು. ಸಮುದ್ರವನ್ನೂ ನಾನು ನೋಡಿರಲಿಲ್ಲ, ಪಿಯಾನೋವನ್ನೂ ನೋಡಿರಲಿಲ್ಲ. ಓದುತ್ತ ಓದುತ್ತ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಒಂದು ಮಗ್ಗ ನಿಂತಿತು. ನನ್ನ ಎದೆ ಹಿಗ್ಗಿತು, ದನಿ ಏರಿತು. ಪಿಯಾನೋ ಬರುವಲ್ಲಿ ಎರಡನೆಯ ಮಗ್ಗವೂ ನಿಂತಿತು. ಅತ್ತೆ ಆಕಳಿಸುತ್ತಿದ್ದರು, ಅವರ ಕಡೆ ನಾನು ನೋಡಲೇ ಇಲ್ಲ. ಮುಗಿಸಿದವಳೇ, ಹಾಳೆ ಕೈಯಲ್ಲಿ ಹಿಡಿದು ಪಕ್ಕದ ಮನೆಗೆ ಓಡಿದೆ.

ನೇಕಾರ ಕುಣಿಯೊಳಗೆ ಕಾಲಿಳಿಬಿಟ್ಟು, ತಲೆ ಬಗ್ಗಿಸಿ, ಎಳೆಗೆ ಎಳೆ ಕೂಡಿಸುತ್ತಿದ್ದ. ಅವನ ಹೆಂಡತಿ ಬಗಲಲ್ಲಿ ಕುಳಿತು ದೀಪ ಹಿಡಿದಿದ್ದಳು. ಹೆಂಗಿತ್ತು ಎಂದು ಕೇಳಿದೆ.

"ಹೆಂಗೇನ್ರಿ ಅಕ್ಕೋರ, ಹಾಸಿನ ಎಳಿ ಹರದು ಎರಡೂ ಮಗ್ಗ ನಿಂತಾವು," ಎಂದ ಆತ, ತಲೆ ಎತ್ತದೆ. "ಯಾಕ್ರಿ, ನೀವು ಏನರ ಓದಾಕತ್ತಿದ್ರೇನು?"

ತೆಳ್ಳಗೆ ಬಂತು

ಟಪಾಲಿನ ವಿಷಯದಲ್ಲಿ ಅತ್ತೆಯದು ತಿರುಗುಮುರುಗು ಲೆಕ್ಕ. ದಪ್ಪ ಲಕೋಟೆ ಬಂದರೆ ಏನೋ ಭಾರೀ ಬಂತೆಂದು ಮೊದಮೊದಲು ಓಣಿಗೆಲ್ಲ ಸಕ್ಕರೆ ಹಂಚಿದ್ದರು. ದಪ್ಪಗಿದ್ದರೆ ಕತೆ ಹಿಂದಕ್ಕೆ ಬಂದಿದೆ ಎಂದು ಅವರಿಗೆ ತಿಳಿಸಿ ಹೇಳುವಾಗ ನನ್ನ ಮುಖ ಇಷ್ಟೇ ಆಗಿತ್ತು. ಆಮೇಲೆ ಇಡೀ ಓಣಿ ಪಾಠ ಕಲಿಯಿತು. ಪೋಸ್ಟಿನವರು ತಿರುವಿನಲ್ಲಿ ಕಾಣಿಸಿದರೆ ಕಟ್ಟೆಯ ಮೇಲಿನವರು ದಪ್ಪೋ ತೆಳ್ಳಗೋ ಎಂದು ಕೇಳುತ್ತಿದ್ದರು.

ಒಂದು ದಿನ ಪೋಸ್ಟಿನವರು ಮನೆಗೆ ಹೋಗದೆ ನೇರ ಸಾಲಿಗೇ ಬಂದರು. ಬಾಗಿಲಲ್ಲಿ ನಿಂತು ಒಂದು ಕಾರ್ಡನ್ನು ಮೇಲೆತ್ತಿ ತೋರಿಸಿ, "ಅಕ್ಕೋರ, ತೆಳ್ಳಗ ಬಂದೈತ್ರಿ," ಎಂದರು. ನಿಮ್ಮ ಕಥೆ ಸ್ವೀಕೃತವಾಗಿದೆ, ಒಂದು ಭಾವಚಿತ್ರ ಕಳುಹಿಸಿ ಎಂದು ಒಂದು ವಾರಪತ್ರಿಕೆಯವರು ಬರೆದಿದ್ದರು. ನಾನು ಹಲಗೆಯ ಮೇಲೆ ಹದಿನೇಳರ ಮಗ್ಗಿ ಬರೆಯುತ್ತಿದ್ದವಳು ಅರ್ಧಕ್ಕೇ ಬಿಟ್ಟು ಹುಡುಗರನ್ನು ಆಟಕ್ಕೆ ಬಿಟ್ಟೆ. ಆ ವರ್ಷದ ಹುಡುಗರಿಗೆ ಹದಿನೇಳರ ಮಗ್ಗಿ ಇವತ್ತಿಗೂ ಅರ್ಧವೇ ಬರುತ್ತದೆ.

ಫೋಟೋ ತೆಗೆಸಲು ಹೊರಟೆ. ಅತ್ತೆ ಬಾಗಿಲಲ್ಲಿ ತಡೆದರು. "ಒಬ್ಬಾಕೀದ ಫೋಟೋ ತೆಗಸೂದು ಗಂಡಿನವರಿಗೆ ತೋರಸಾಕ. ನಿನಗ ಮದಿವಿ ಆಗೇತಿ. ಮಂದಿ ಏನಂದಾರು?" ನಮ್ಮವರು ಡ್ಯೂಟಿಯ ಮೇಲಿದ್ದರು. ಹಾಗಾಗಿ ನನ್ನ ಮಾನ ಕಾಯಲು ಅತ್ತೆಯೇ ಹೊಸ ಇಳಕಲ್ ಸೀರೆ ಉಟ್ಟು, ಕೆಂಪು ಸೆರಗು ತಲೆ ಮೇಲೆ ಹೊದ್ದು ನನ್ನ ಜೊತೆ ಬಂದರು. ಸ್ಟುಡಿಯೋದವನು ಇದ್ದ ಒಂದೇ ಕುರ್ಚಿ ಎಳೆದು, ಹಿರೇರು ಕುಂದರ್ಲಿ, ಸಣ್ಣವರು ಹಿಂದ ನಿಂದರ್ಲಿ ಎಂದ. ಅದು ಎಲ್ಲರೂ ಮಾಡುವುದೇ. ಅತ್ತೆ ಕುಳಿತರು, ನಾನು ಕುರ್ಚಿಯ ಬೆನ್ನು ಹಿಡಿದು ನಿಂತೆ.

ಪತ್ರಿಕೆ ಬರುವ ವಾರ ನನಗೆ ಅನ್ನ ಸೇರಲಿಲ್ಲ. ನಮ್ಮವರು ಬಾಗಲಕೋಟೆ ಸ್ಟ್ಯಾಂಡಿನಲ್ಲಿ ಪ್ರತಿ ಕೊಂಡು ತಂದರು, ಆದರೆ ಮುಖ ಒಂದು ಥರ ಮಾಡಿಕೊಂಡು ನನ್ನ ಕೈಗೆ ಕೊಟ್ಟರು. ತೆರೆದೆ. ಕತೆ ನನ್ನದು. ಹೆಸರು ನನ್ನದು. ಅದರ ಮೇಲೆ ಅಂಚೆ ಚೀಟಿಯಷ್ಟು ಚೌಕದಲ್ಲಿ, ಗಂಭೀರವಾಗಿ, ನಮ್ಮ ಅತ್ತೆ. ಮೂಲೆಯಲ್ಲಿ ಕುರ್ಚಿ ಹಿಡಿದ ನನ್ನ ಎರಡು ಬೆರಳು ಉಳಿದಿದ್ದವು. ಅತ್ತೆ ಪತ್ರಿಕೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಮೂಗುತಿ ಚಲೋ ಬಿದ್ದೈತಿ ಎಂದರು.

ನಾನು ಅವತ್ತೇ ಪತ್ರಿಕೆಗೆ ಖಾರವಾಗಿ ಬರೆದೆ: ಕುಳಿತವರು ನನ್ನ ಅತ್ತೆ, ಲೇಖಕಿ ಹಿಂದೆ ನಿಂತವಳು, ದಯವಿಟ್ಟು ಗಮನವಿರಲಿ. ವಿಷಾದಿಸುತ್ತೇವೆ, ಇನ್ನು ಮುಂದೆ ಖಂಡಿತ ನೆನಪಿನಲ್ಲಿಡುತ್ತೇವೆ ಎಂದು ಫೋಟೋ ವಿಭಾಗದಿಂದ ಉತ್ತರ ಬಂತು. ಪತ್ರಿಕೆಯವರಿಗೆ ತಿಳಿಯಿತು, ಸರಿ. ಓಣಿಗೆ ತಿಳಿಸುವವರು ಯಾರು? ಅಚ್ಚಾದದ್ದು ಸುಳ್ಳಾಗುವುದುಂಟೇ ಎಂದು ಓಣಿಯವರ ವಾದ. ಅತ್ತೆಗೆ ಬರೆಯಲು ಬಾರದೆಂದು ಎಲ್ಲರಿಗೂ ಗೊತ್ತು; ಅದಕ್ಕೂ ಓಣಿಯವರೇ ಸಮಾಧಾನ ಹುಡುಕಿದರು. ಅತ್ತೆಯನ್ನು ಕೇಳಿದರೆ ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಎಲೆಗೆ ಸುಣ್ಣ ಹಚ್ಚುತ್ತ ಕುಳಿತರು. ಪಕ್ಕದ ನೇಕಾರನ ಹೆಂಡತಿ ಮಾತ್ರ ನನ್ನ ಬೆನ್ನು ಸವರಿ ಸಂತೈಸಿದಳು: "ಅತ್ತಿ ಹೇಳ್ಯಾರ, ನೀವು ಬರಕೊಂಡೀರಿ. ಅಷ್ಟರ ಸೇವಾ ಮಾಡೂ ಸೊಸಿ ಈಗಿನ ಕಾಲದಾಗ ಎಲ್ಲಿ ಸಿಗ್ತಾಳ್ರಿ?"

ಬಾದಾಮಿ ಬಸ್ಸಿನ ಮುಕ್ತಾಯ

ಈಗ ನನಗೆ ಹಟ ಬಂತು. ಅದೇ ವಾರಪತ್ರಿಕೆಯವರು ದೀಪಾವಳಿಗೆ ಕಥಾ ಸ್ಪರ್ಧೆ ಕರೆದಿದ್ದರು. ಬಹುಮಾನ ಬಂದರೆ ಬಾಗಲಕೋಟೆಯ ಸಭೆಯಲ್ಲಿ, ನೂರಾರು ಜನರ ಮುಂದೆ, ನನ್ನ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಯಾವ ಓಣಿ ಏನನ್ನುತ್ತದೋ ನೋಡಿಯೇ ಬಿಡೋಣ ಎಂದುಕೊಂಡೆ.

ಪಿಯಾನೋ ಬಿಟ್ಟು ಗೋಡೆಯಾಚೆ ಕಿವಿಗೊಟ್ಟೆ. ಒಬ್ಬ ನೇಕಾರ ಮಗ್ಗದ ಮೇಲೆ ಸೀರೆಯನ್ನು ಅರ್ಧಕ್ಕೆ ಬಿಟ್ಟು ಸೋಲಾಪುರದ ಮಿಲ್ಲಿಗೆ ದುಡಿಯಲು ಹೋಗುತ್ತಾನೆ. ಸೆರಗು ಒಂದು ನೇಯುವುದು ಬಾಕಿ. ಹೆಂಡತಿ ಆ ಮಗ್ಗವನ್ನು ಯಾರಿಗೂ ಮುಟ್ಟಗೊಡದೆ ಕಾಯುತ್ತಾಳೆ. ಕೊನೆಗೆ ಅವನು ಸೋಲಾಪುರದಲ್ಲೇ ತೀರಿಕೊಂಡ ಸುದ್ದಿ ಬರುತ್ತದೆ, ಸೀರೆ ಸೆರಗಿಲ್ಲದೆ ಉಳಿಯುತ್ತದೆ. ಓದುತ್ತಿದ್ದಾಗ ಎರಡೂ ಮಗ್ಗ ನಿಂತವು. ಈ ಸಲ ಎಳೆ ಹರಿದಿರಲಿಲ್ಲ. ಮೂಗು ಒರೆಸಿಕೊಳ್ಳುವ ಸದ್ದು ಗೋಡೆ ದಾಟಿ ಬಂತು. ಮರುದಿನ ನೇಕಾರ ಬಂದು, ಇಂಥಾ ಕತಿ ಇದ್ರ ಅಮಾಸಿ ದಿನ ಓದ್ರಿ ಅಕ್ಕೋರ, ಅವತ್ತು ಹೆಂಗೂ ಮಗ್ಗಕ್ಕ ಸೂಟಿ ಎಂದು ಕೈಮುಗಿದ. ಗೆದ್ದೆ ಎಂದು ನನಗೆ ಅಲ್ಲೇ ಅನಿಸಿತು.

ಅತ್ತೆ ಮಾತ್ರ ಕೆಂಡವಾಗಿದ್ದರು. ಆ ಬಂಗಾರದಂಥಾ ಮನಶ್ಯಾನ್ನ ಯಾಕ ಕೊಂದಿ, ಆತ ನಿನಗ ಏನು ಮಾಡಿದ್ದ ಎಂದು ಜಗಳ ತೆಗೆದರು. ಸ್ಪರ್ಧೆಯವರಿಗೆ ಕಣ್ಣೀರು ಬೇಕು ಎಂದೆ. ಬೇಕಾದ್ರ ಉಳ್ಳಾಗಡ್ಡಿ ಹೆಚ್ಚಲಿ ಎಂದರು. ನಾನು ಒಂದಕ್ಷರ ಬದಲಿಸದೆ ಕತೆಯನ್ನು ಟಪಾಲಿಗೆ ಹಾಕಿದೆ.

ಅಮಾವಾಸ್ಯೆಗೆ ಅತ್ತೆ ಮಗನ ಬಸ್ಸಿನಲ್ಲೇ ಬಾದಾಮಿಯ ಬನಶಂಕರಿಗೆ ಹೊರಟರು. ಅಂದು ಏನಾಯಿತೆಂದು ಸಂಜೆ ನಮ್ಮವರು ಹೇಳಿದರು. ಅತ್ತೆ ಪಕ್ಕದಲ್ಲಿ ಕುಳಿತ ಹೆಂಗಸಿಗೆ ಅದೇ ನೇಕಾರನ ಕತೆ ಶುರು ಮಾಡಿದರಂತೆ. ಹುನಗುಂದ ಬರುವಷ್ಟರಲ್ಲಿ ಮುಂದಿನ ನಾಲ್ಕು ಸೀಟಿನವರು ಹಿಂದಕ್ಕೆ ತಿರುಗಿದ್ದರು. ಅಮೀನಗಡದಲ್ಲಿ ಇಳಿಯಬೇಕಾದವರು ಇಳಿಯದೆ ಮುಂದಿನ ಊರಿಗೆ ಟಿಕೆಟ್ ಕೇಳಿದರು. ಕನ್ನಡಕ ಹಾಕಿದ ಒಬ್ಬ ದೊಡ್ಡ ಮನುಷ್ಯರಂತೂ ಇಳಿದು ಹೋಗಿ ಕರದಂಟು ತಂದು ಅತ್ತೆಯ ಕೈಗಿಟ್ಟು, ಮುಂದೆ ಹೇಳಿ ತಾಯಿ ಎಂದು ಪಕ್ಕದಲ್ಲೇ ಕುಳಿತರು.

ಆದರೆ ಅತ್ತೆಯ ಕತೆಯಲ್ಲಿ ಯಾರೂ ಸಾಯಲಿಲ್ಲ. ನೇಕಾರ ಸೋಲಾಪುರದಿಂದ ಜೀವಂತ ಬಂದ. ಬಂದದ್ದು ಇದೇ ಬಸ್ಸಿಗೆ. ಅವನ ಹತ್ತಿರ ಟಿಕೆಟ್ಟಿಗೆ ರೊಕ್ಕ ಇರಲಿಲ್ಲ. ಆಗ ಕಂಡಕ್ಟರ್ ತನ್ನ ಕಿಸೆಯಿಂದ ಕೊಟ್ಟು, ನಡಿ ಅಣ್ಣಾ, ನಿನ್ನ ಹೇಣತಿ ಕಾಯಾಕತ್ತಾಳ ಎಂದು ಮನೆಯ ತನಕ ಮುಟ್ಟಿಸಿದ. "ಆ ಕಂಡಕ್ಟರ್ ಯಾರಂದೀರಿ? ಅಲ್ಲಿ ನಿಂತಾನಲ್ಲ, ನನ್ನ ಮಗ," ಎಂದು ಅತ್ತೆ ಮುಗಿಸಿದಾಗ ಇಡೀ ಬಸ್ಸು ನಮ್ಮವರ ಕಡೆ ತಿರುಗಿತು. ಇವರು ಟಿಕೆಟ್ ಪಂಚು ಹಿಡಿದು ಎಲ್ಲಿ ನೋಡಬೇಕೋ ತಿಳಿಯದೆ ನಿಂತರು. ಬಾದಾಮಿಯಲ್ಲಿ ಇಳಿಯುವಾಗ ಒಬ್ಬ ಮುದುಕ ಇವರ ಹೆಗಲು ತಟ್ಟಿ ಹೇಳಿದನಂತೆ: "ಚಲೋ ಕೆಲಸ ಮಾಡಿದಿ ತಮ್ಮಾ. ದೇವರು ನಿನಗ ಡ್ರೈವರ್ ಮಾಡ್ಲಿ."

ಕುಂತವರು, ನಿಂತವರು

ಮತ್ತೊಂದು ಕಾರ್ಡು ಬಂತು. ಮೊದಲ ಸಾಲು ಓದಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ: ನಿಮ್ಮ ಕಥೆ ಮೊದಲ ಬಹುಮಾನಕ್ಕೆ ಆಯ್ಕೆಯಾಗಿದೆ. ಎರಡನೆಯ ಸಾಲು ಓದಿ ಕೂತುಬಿಟ್ಟೆ: ಆದರೆ ಇದು ಸ್ವಂತ ರಚನೆಯಲ್ಲ, ಈ ಭಾಗದ ಹಳೆಯ ಜನಪದ ಕಥೆ ಎಂದು ತೀರ್ಪುಗಾರರೊಬ್ಬರ ಆಕ್ಷೇಪವಿದೆ, ಸಮಾರಂಭದ ದಿನ ಬಾಗಲಕೋಟೆಗೆ ಬೇಗ ಬಂದು ವಿವರಣೆ ಕೊಡಿ.

ಕಳವು ಎಂಬ ಮಾತು ಬರೆದಿರಲಿಲ್ಲ, ಅಷ್ಟೇ. ಸಮಾರಂಭದ ದಿನ ಬಾಗಲಕೋಟೆಯ ಬಸ್ಸು ಹತ್ತಿದೆ. ಅತ್ತೆ ಬರುವುದು ಬೇಡವೆಂದರೂ ಕೇಳದೆ ಬಂದು ಕಿಟಕಿಯ ಸೀಟಿನಲ್ಲಿ ಕುಳಿತಿದ್ದರು.

ಸಭೆಯ ಪಕ್ಕದ ಕೋಣೆಯಲ್ಲಿ ಸಂಪಾದಕರು ಮತ್ತು ಆಕ್ಷೇಪ ಎತ್ತಿದ ತೀರ್ಪುಗಾರರು ಕುಳಿತಿದ್ದರು. ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ತೀರ್ಪುಗಾರರು ಕಾಲೇಜಿನಲ್ಲಿ ಕನ್ನಡ ಕಲಿಸುವವರು, ಕನ್ನಡಕ ಹಾಕಿದ ಸಾತ್ವಿಕ ಮನುಷ್ಯ. ಈ ಕಥೆಯನ್ನು ತಾವೇ ಬಸ್ಸಿನಲ್ಲಿ ಒಬ್ಬ ವೃದ್ಧೆಯ ಬಾಯಿಂದ ಕೇಳಿದ್ದಾಗಿ ಹೇಳಿದರು. ಎಷ್ಟೋ ತಲೆಮಾರಿನಿಂದ ಬಂದದ್ದಿರಬೇಕು, ಕಡೆಗೆ ಬರುವ ಬಸ್ಸು ಈಚೆಗೆ ಸೇರಿದ್ದು, ಮೂಲದಲ್ಲಿ ಎತ್ತಿನ ಬಂಡಿ ಇದ್ದಿರಬಹುದು ಎಂದೂ ವಿವರಿಸಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಬಂಡಿಯ ಕಂಡಕ್ಟರ್ ನನ್ನ ಗಂಡ ಎಂದು ಹೇಳುವುದು ಹೇಗೆ?

ಅಷ್ಟರಲ್ಲಿ ಎಷ್ಟೊತ್ತಾತು ಎನ್ನುತ್ತ ಅತ್ತೆ ಒಳಗೆ ಬಂದರು. ತೀರ್ಪುಗಾರರು ಎದ್ದು ನಿಂತು ಕೈಮುಗಿದು, "ಇವರೇ ಆ ತಾಯಿ," ಎಂದರು. ಸಂಪಾದಕರು ಅತ್ತೆಯ ಮುಖವನ್ನೇ ನೋಡಿ, ಇವರ ಫೋಟೋ ನಾವು ಹಾಕಿದ್ದೆವಲ್ಲ, ಇವರೇ ಲೇಖಕಿಯಲ್ಲವೇ ಎಂದರು.

ತೀರ್ಪುಗಾರರ ಪ್ರಕಾರ ಕತೆ ಅತ್ತೆಯದು, ಸಂಪಾದಕರ ಪ್ರಕಾರ ಮುಖ ಅತ್ತೆಯದು, ಓಣಿಯಂತೂ ಎಂದೋ ತೀರ್ಪು ಕೊಟ್ಟಾಗಿತ್ತು. ಇನ್ನು ಅತ್ತೆ ಒಂದು ಹೂಂ ಅಂದರೆ ನನ್ನ ಕತೆ ಮುಗಿಯಿತು. ಫೋಟೋ ವಿಷಯದಲ್ಲಿ ಅವರು ಉಹೂಂ ಅಂದವರೇ ಅಲ್ಲ.

ಅತ್ತೆ ಬಾಯೊಳಗಿನ ಎಲೆಯನ್ನು ದವಡೆಗೆ ಸರಿಸಿದರು. "ಏನ್ರೀ ಸಾಹೇಬ್ರ," ಎಂದರು, "ನಾ ಹೇಳಿದ ಕತ್ಯಾಗ ಆ ಮನಶ್ಯಾ ಸತ್ತಿದ್ನೇನು?"

ಇಲ್ಲ ಎಂದರು ತೀರ್ಪುಗಾರರು.

"ಈಕಿ ಬರ್ದದ್ರಾಗ?"

ಸಾಯುತ್ತಾನೆ ಎಂದರು.

"ಮತ್ತ? ಕೊಂದಾಕಿ ಈಕಿ, ಬದುಕಿಸಿ ಬಸ್ಸಿಗೆ ಹತ್ತಿಸಿದಾಕಿ ನಾ. ಹುಟ್ಟಿಸಿದವರಿಗೆ ಅಲ್ದ ಕೊಲ್ಲೂ ಹಕ್ಕು ಮತ್ಯಾರಿಗೈತ್ರಿ? ಕತಿ ನಮ್ಮ ಸೊಸೀದು. ಅಕಿ ನನ್ನ ಮುಂದ ಓದ್ತಾಳ, ನಾ ಊರ ಮುಂದ ಹೇಳ್ತೇನಿ. ನನಗ ಅಕ್ಷರ ಬರೂದಿಲ್ರಿ."

ತೀರ್ಪುಗಾರರು ಕನ್ನಡಕ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಹುಮಾನ ನಿಮ್ಮದೇ ಎಂದು ನನಗೆ ಹೇಳಿದರು. ಅತ್ತೆಯ ಕಡೆ ತಿರುಗಿ, ಮುಕ್ತಾಯ ಮಾತ್ರ ನಿಮ್ಮದೇ ಮೇಲು ತಾಯಿ ಎಂದರು. ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸಭೆಯಲ್ಲಿ ನನ್ನ ಹೆಸರು ಕರೆದರು. ಚಪ್ಪಾಳೆ ಬಿದ್ದಾಗ ಕಿವಿ ಗುಂಯ್ ಎಂದಿತು. ಎಲ್ಲ ಮುಗಿದ ಮೇಲೆ ಪತ್ರಿಕೆಯ ಫೋಟೋದವರು ಒಂದು ಕುರ್ಚಿ ಹಾಕಿದರು. ರೂಢಿಯಂತೆ ನಾನು ಕುರ್ಚಿಯ ಹಿಂದೆ ಹೋಗಿ ನಿಂತೆ. ಅತ್ತೆ ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದರು.

"ಕುಂದರು. ಇವತ್ತ ನೀ ಕುಂದರಬೇಕು."

ನನ್ನನ್ನು ಕೂರಿಸಿ ತಾವು ಹಿಂದೆ ನಿಂತರು. ಅತ್ತೆ ನಿಂತು ಸೊಸೆ ಕೂತ ಫೋಟೋ ಇಳಕಲ್ಲಿನಲ್ಲಿ ಅದಕ್ಕೆ ಮೊದಲು ಯಾರೂ ತೆಗೆಸಿರಲಿಕ್ಕಿಲ್ಲ. ಹೆಗಲ ಮೇಲೆ ಅವರ ಕೈ ಬಿದ್ದಾಗ ನನಗೆ ಅಳು ತಡೆಯಲಾಗಲಿಲ್ಲ. ಆ ಕ್ಷಣ ಬಹುಮಾನ ಗಿಹುಮಾನ ಎಲ್ಲ ಮರೆತೇ ಹೋಯಿತು.

ದೀಪಾವಳಿ ಸಂಚಿಕೆ ಬಂದ ದಿನ ಓಣಿಯೆಲ್ಲ ನಮ್ಮ ಕಟ್ಟೆಯ ಮೇಲೆ ಸೇರಿತ್ತು. ಪಕ್ಕದ ಮನೆಯವರು ಅಮಾವಾಸ್ಯೆಯಲ್ಲದಿದ್ದರೂ ಮಗ್ಗ ನಿಲ್ಲಿಸಿ ಬಂದಿದ್ದರು. ನಮ್ಮವರು ಬಸ್ಸಿನಿಂದಿಳಿದು ಬಂದರು. ಅವರ ಮುಖ ನೋಡಿದೆ. ಅದೇ ಮುಖ.

ತೆರೆದೆ. ಮೊದಲ ಬಹುಮಾನ ಪಡೆದ ಕಥೆ. ನನ್ನ ಹೆಸರು, ದಪ್ಪ ಅಕ್ಷರದಲ್ಲಿ. ಅದರ ಮೇಲೆ, ಈ ಸಲ ಅಂಗೈಯಗಲ, ನಗುತ್ತ ನಿಂತ ನಮ್ಮ ಅತ್ತೆ. ಕೆಳಗೆ ಅಂಚಿನಲ್ಲಿ ನಾನು ಮುಡಿದ ಅಬ್ಬಲಿಗೆ ಹೂವಿನ ದಂಡೆ ಮಾತ್ರ ಕಾಣುತ್ತಿತ್ತು. ಸಂಪಾದಕರೇನೋ ನನ್ನನ್ನು ಕಣ್ಣಾರೆ ಕಂಡಿದ್ದರು, ಫೋಟೋ ಕತ್ತರಿಸುವವರು ಕಂಡಿರಲಿಲ್ಲವಲ್ಲ. ಅವರಿಗೆ ಗೊತ್ತಿದ್ದದ್ದು ನಾನೇ ಖಾರವಾಗಿ ಬರೆದು ಕಳಿಸಿದ ಮಾತು: ಕುಳಿತವರು ಅತ್ತೆ, ನಿಂತವಳು ಲೇಖಕಿ. ಪಾಪ, ಖಂಡಿತ ನೆನಪಿನಲ್ಲಿಟ್ಟಿದ್ದರು.

ಅತ್ತೆ ಪತ್ರಿಕೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನ ಗಲ್ಲ ಮುಟ್ಟಿ ಹೇಳಿದರು:

"ನಾ ಏನ ಮಾಡ್ಲಿ ಯವ್ವಾ? ಕುಂತರೂ ನಾನ ಬರ್ತೇನಿ, ನಿಂತರೂ ನಾನ ಬರ್ತೇನಿ."